ತಮಿಳು ಹಾಡಿನೊಳಗಿನ ರೊಟ್ಟಿ ಬಡಿತ

ನಡೆದದ್ದು ಇಷ್ಟೇ. ತಮಿಳು ಸಿನಿಮಾದವರು ನನ್ನ ರೊಟ್ಟಿ ಬಡಿತವನ್ನು ಕದ್ದಿರಲಿಲ್ಲ. ಕದ್ದಿದ್ದಾರೆ ಎಂದು ಮಸ್ಕಿಯಿಂದ ಸಿಂಧನೂರಿನವರೆಗೆ ಹೇಳಿಕೊಂಡು ತಿರುಗಿದವಳು ನಾನು. ತಿರುಗುವ ಭರದಲ್ಲಿ ನನ್ನ ನೆಗೆಣ್ಣಿಯನ್ನು ಒಲೆಯ ಮುಂದಿನಿಂದ ಎಬ್ಬಿಸಿ ಕಳಿಸಿದವಳೂ ನಾನೇ. ಇದರಲ್ಲಿ ಬೇರೆಯವರ ಪಾಲು ಏನೂ ಇಲ್ಲ. ಇದ್ದಿದ್ದರೆ ಮೊದಲು ಅವರ ಮೇಲೆ ಹಾಕುತ್ತಿದ್ದೆ.

ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಗಂಡಂದಿರು ಇಬ್ಬರೂ ಹೋದಮೇಲೆ ನಾವಿಬ್ಬರು ಮಸ್ಕಿಯಲ್ಲಿ ರೊಟ್ಟಿ ಮಾಡಿ ಮಾರುತ್ತ ಬಂದಿದ್ದೇವೆ. ಬೋರ್ಡು ಗೀರ್ಡು ಇಲ್ಲ. ನಮ್ಮ ಮನೆಯ ಹಿಂದಿನ ಪಡಸಾಲೆಯಲ್ಲಿ ಎರಡು ಒಲೆ, ಎರಡು ಶಹಾಬಾದ್ ಕಲ್ಲಿನ ತುಂಡು, ಜೋಳದ ಹಿಟ್ಟಿನ ಡಬ್ಬಿಗಳು, ಇಷ್ಟೇ ನಮ್ಮ ಕಾರ್ಖಾನೆ. ಮದುವೆ, ಸೀಮಂತ, ಹೊಸ ಮನೆ ಪೂಜೆ, ಎಲ್ಲಕ್ಕೂ ಖಡಕ್ ರೊಟ್ಟಿ ಬೇಕು. ಮೆತ್ತನೆಯ ರೊಟ್ಟಿಯನ್ನು ಒಬ್ಬಳೇ ಮಾಡಬಹುದು. ಖಡಕ್ ರೊಟ್ಟಿಗೆ ಇಬ್ಬರು ಬೇಕು. ಒಬ್ಬಳು ಬಡಿಯುತ್ತಿರಬೇಕು, ಇನ್ನೊಬ್ಬಳು ಹಂಚಿನ ಮೇಲೆ ಕಣ್ಣಿಟ್ಟು, ನೀರು ಸವರಿ, ತಿರುವಿ, ಅರಿವೆಯಿಂದ ಒತ್ತಿ ಒತ್ತಿ ಒಣಗಿಸಬೇಕು. ಕೈ ಸೋತಾಗ ಜಾಗ ಬದಲು. ಬೆಂಕಿಯ ಮುಂದಿನ ಜಾಗದಲ್ಲಿ ಅವಳೇ ಹೆಚ್ಚು ಹೊತ್ತು ಕೂರುತ್ತಿದ್ದಳು. ಅವಳಿಗೆ ಶಾಖ ತಡೆಯುತ್ತದೆ ಎಂದು ನಾನೇ ತೀರ್ಮಾನ ಮಾಡಿದ್ದೆ.

ಹೋದ ವರ್ಷ ಒಂದು ಭಾನುವಾರ ಒಬ್ಬ ಮನುಷ್ಯ ಬಂದ. ಕಿವಿಗೆ ದೊಡ್ಡ ಬಟ್ಟಲಿನಂಥವು ಹಾಕಿಕೊಂಡಿದ್ದ, ಕೈಯಲ್ಲಿ ಉದ್ದನೆಯ ಕೋಲು, ಕೋಲಿನ ತುದಿಗೆ ಕೂದಲು ಕೂದಲಿನ ಗೊಂಬೆಯಂಥದ್ದು. ಬೆಕ್ಕನ್ನು ಕೋಲಿಗೆ ಕಟ್ಟಿಕೊಂಡು ಬಂದನೇನೋ ಅನ್ನಿಸಿತು. ನನ್ನ ಮೊಮ್ಮಗಳು ಮನೆಯಲ್ಲಿದ್ದಳು. ಅವಳು ಲಿಂಗಸುಗೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ, ನನ್ನ ಜೊತೆಗೇ ಇರುತ್ತಾಳೆ. ಅವಳು ಅವನ ಮಾತು ಕೇಳಿ ನನಗೆ ತಿಳಿಸಿ ಹೇಳಿದಳು.

"ಅಜ್ಜೀ, ಇವರು ಸಿನಿಮಾಕ್ಕ ಸಪ್ಪಳ ಕೂಡಿಸೋರಂತ. ಗಿರಣಿ ಸಪ್ಪಳ, ಬಾವಿ ಗಾಲಿ ಸಪ್ಪಳ, ಎಲ್ಲಾ ತುಂಬಿಕೊಂಡು ಹೋಗ್ತಾರಂತ. ನಿಮ್ಮ ರೊಟ್ಟಿ ಬಡಿಯೋದು ಬೇಕಂತ."

"ರೊಟ್ಟಿ ಬ್ಯಾಡಂತೇನು? ಬರೇ ಸಪ್ಪಳ?"

"ಹೂಂ, ಬರೇ ಸಪ್ಪಳ."

ಇಂಥ ಗಿರಾಕಿಯನ್ನು ನಾನು ಕಂಡಿರಲಿಲ್ಲ. ಅವನು ಕೋಲನ್ನು ನನ್ನ ಕೈಯ ಹತ್ತಿರ ಹಿಡಿದು ಕೂತ. ನಾನು ಬಡಿದೆ. ಬಡಿಯುತ್ತ ಅವನ ಊರು ಕೇಳಿದೆ, ತಂದೆ ತಾಯಿ ಕೇಳಿದೆ, ಮದುವೆ ಯಾಕೆ ಆಗಿಲ್ಲ ಎಂದು ಕೇಳಿದೆ. ನಮ್ಮ ಜೋಳ ಯಾಕೆ ಬೆಳ್ಳಗೆ, ಮಷಿನ್ನಿನ ರೊಟ್ಟಿ ಯಾಕೆ ಕೆಟ್ಟದ್ದು, ಎಲ್ಲ ತಿಳಿಸಿದೆ. ಅವನು ನಡುನಡುವೆ ತುಟಿಯ ಮೇಲೆ ಬೆರಳು ಇಡುತ್ತಿದ್ದ. ಹಲ್ಲು ನೋಯುತ್ತಿರಬೇಕು ಎಂದುಕೊಂಡು ಲವಂಗ ತರಲು ಒಳಗೆ ಹೋದೆ. ಹೋಗುವಾಗ ಒಂದು ಕಟ್ಟು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು ಕಳಿಸಿದೆವು.

ಅದಾದ ಕೆಲವು ತಿಂಗಳಿಗೆ ಮೊಮ್ಮಗಳು ಒಂದು ಸಂಜೆ ಫೋನಿನಲ್ಲಿ ಹಾಡು ಹಚ್ಚಿದಳು. ತಮಿಳು ಸಿನಿಮಾದ ಹೊಸ ಹಾಡು, ಎಲ್ಲರೂ ಅದಕ್ಕೆ ಕುಣಿದು ವಿಡಿಯೊ ಹಾಕುತ್ತಿದ್ದಾರೆ ಎಂದಳು. ನಾನು ಬಡಿಯುತ್ತಿದ್ದೆ, ನೆಗೆಣ್ಣಿ ಹಂಚಿನ ಮುಂದೆ ಇದ್ದಳು. ಹಾಡು ಶುರುವಾಯಿತು. ಮೊದಲು ಏನೂ ಇಲ್ಲ, ಬರೀ ಬಡಿತ. ತಪ್ ತಪಾ, ತಪ್ ತಪಾ, ಒಂದು ಗುಟುಕಿನಷ್ಟು ಹೊತ್ತು ಬಿಟ್ಟು ತಪ್. ನನ್ನ ಕೈ ಕಲ್ಲಿನ ಮೇಲೆ ಅದೇ ಹೊತ್ತಿಗೆ ಅದನ್ನೇ ಬಡಿಯುತ್ತಿತ್ತು. ಫೋನೂ ನಾನೂ ಒಂದೇ ಕೈ.

"ಇದು ನಂದು!" ಎಂದೆ. "ನನ್ನ ಕೈ ಇದು. ಆ ಬೆಕ್ಕಿನ ಕೋಲಿನಾವ ಒಯ್ದು ಮಾರ್ಯಾನ!"

ಮೊಮ್ಮಗಳು ಮತ್ತೆ ಹಚ್ಚಿದಳು. ಮತ್ತೆ ಬಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.

ನೆಗೆಣ್ಣಿ ಹಂಚು ಬಿಟ್ಟು ಫೋನಿಗೆ ಕಿವಿ ಕೊಟ್ಟಳು. ಅವಳ ಮುಖ ಅರಳಿತ್ತು. "ಅವತ್ತ ನಾನೂ ಬಡದಿದ್ನೆಲ್ಲ ಅಕ್ಕಾ. ಇದ್ರಾಗ ನಂದೂ ಇರಬೇಕಲ್ಲ?"

ಇಲ್ಲಿ ನಾನು ಹೂಂ ಅನ್ನಬೇಕಿತ್ತು. ಅನ್ನುವುದಕ್ಕೆ ಖರ್ಚೇನಿತ್ತು?

"ನಿಂದೆಲ್ಲೈತಿ ಬೇ ಇದ್ರಾಗ? ನಿನ್ನ ಬಡತ ನನಗ ಗೊತ್ತಿಲ್ಲೇನು? ತಪ್ ತಪ್ ತಪ್ ಅಂತ ಗೋಡಿಗೆ ಸಗಣಿ ಕುಳ್ಳು ಬಡದಂಗ. ಇದು ನಂದ. ಬರೋಬ್ಬರಿ ನಂದ."

ಅವಳು ಹಂಚಿನ ಕಡೆ ತಿರುಗಿದಳು. ಹಂಚಿನ ಮೇಲಿನ ರೊಟ್ಟಿ ಕರಿದಾಗಿತ್ತು. ಅದನ್ನು ತೆಗೆದು ಪಕ್ಕಕ್ಕಿಟ್ಟಳು.

ಮರುದಿನದಿಂದ ನನ್ನ ದಿಗ್ವಿಜಯ. ಬಸ್ ಸ್ಟ್ಯಾಂಡಿನ ಎದುರಿನ ಮೊಬೈಲ್ ಅಂಗಡಿಗೆ ಹೋಗಿ, ನನಗೆ ಫೋನು ಬಂದಾಗ ಈ ಹಾಡೇ ಕೇಳುವ ಹಾಗೆ ಹಾಕಿಕೊಡು ಎಂದೆ. ಅಂಗಡಿಯವನು ಮನೆಯಲ್ಲಿ ದಖ್ಖನಿ, ಗಿರಾಕಿಗೆ ಕನ್ನಡ, ಹಾಡು ಎಲ್ಲ ಭಾಷೆಯವು. ನನ್ನನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಾನೆ. ಕಥೆ ಕೇಳಿ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಖಾಲಾ, ತಮಿಳಿನೋರು ಹಿಂದಿದು ಎತ್ತಿದ್ದು ನೋಡೀನಿ, ಹಿಂದಿಯೋರು ತಮಿಳಿಂದು ಎತ್ತಿದ್ದು ನೋಡೀನಿ. ಇಬ್ಬರೂ ಕೂಡಿ ಹೊರದೇಶದ್ದು ಎತ್ತಿದ್ದೂ ನೋಡೀನಿ. ರೊಟ್ಟಿಯಿಂದ ಎತ್ತಿದ್ದು ಇದ ಫಸ್ಟ್."

"ಮಜಾಕ್ ಮಾಡಾಕತ್ತಿಯೇನು?"

"ಇಲ್ಲ ಖಾಲಾ, ಖರೇನ. ಹಂಗಾದ್ರ ಅಸಲಿ ನೀವು, ನಕಲಿ ಅವರು. ಕೇಸ್ ಹಾಕ್ರಿ."

ಅವನು ನಗುತ್ತಿದ್ದನೋ ಇಲ್ಲವೋ ನಾನು ನೋಡಲಿಲ್ಲ. ಅಸಲಿ ಎಂಬ ಮಾತೊಂದೇ ನನ್ನ ಕಿವಿಯಲ್ಲಿ ಉಳಿಯಿತು. ತರಕಾರಿಯವಳಿಗೆ ಹೇಳಿದೆ, ಗಿರಣಿಯವನಿಗೆ ಹೇಳಿದೆ. ಸಿಂಧನೂರಿಗೆ ಹೋದಾಗ ಬಟ್ಟೆ ಅಂಗಡಿಯಲ್ಲಿ ಸೀರೆ ನೋಡುತ್ತಿದ್ದ ಗುರುತಿಲ್ಲದ ಹೆಂಗಸರಿಗೂ ಹೇಳಿದೆ. ಫೋನು ಹಾಡಲಿ ಎಂದು ಮೊಮ್ಮಗಳಿಗೆ ಮಿಸ್ ಕಾಲ್ ಕೊಡಲು ಹೇಳಿ, ಹಾಡಿದಾಗ ಎತ್ತದೆ ಸುಮ್ಮನೆ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದೆ. ಎಲ್ಲರೂ ಕೇಳಬೇಕಲ್ಲ.

"ಆ ಮನುಷ್ಯಾಗ ಫೋನ್ ಮಾಡಿ ಕೇಳೋಣು, ನಂಬರ್ ಐತಿ," ಎಂದು ಮೊಮ್ಮಗಳು ಎರಡು ಸಲ ಹೇಳಿದಳು.

"ಒಯ್ದಾವನ್ನ ಕೇಳಿದ್ರ ಒಯ್ದೀನಿ ಅಂತಾನೇನು? ಸುಮ್ಮನಿರು."

ಎಲ್ಲಿ ಹೇಳಿದರೂ ನನ್ನ ಕೈ ಎಂದೇ ಹೇಳಿದೆ, ನಮ್ಮ ಕೈ ಎನ್ನಲಿಲ್ಲ. ನೆಗೆಣ್ಣಿಯ ಓಣಿ ನಮ್ಮದಕ್ಕೆ ಅಂಟಿಕೊಂಡೇ ಇದೆ. ಅವಳಿಗೆ ಎಲ್ಲ ಮುಟ್ಟುತ್ತಿತ್ತು. ಒಂದು ದಿನ ಬೆಳಿಗ್ಗೆ ಗಿರಾಕಿಯ ಮುಂದೆ ಮತ್ತೆ ಅದೇ ಪುರಾಣ ಹೇಳಿ ಮುಗಿಸಿದ ಮೇಲೆ ಅವಳು ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.

"ಎಲ್ಲಿಗೆ ಬೇ?"

"ಮನಿಗೆ. ಹಾಡಿನ್ಯಾಗ ನಾ ಇಲ್ಲ ಅಂದ್ರ ಒಲಿ ಮುಂದ ಯಾಕಿರಬೇಕು ಅಕ್ಕಾ?"

ಜಗಳ ಇಲ್ಲ, ಅಳು ಇಲ್ಲ. ಚಪ್ಪಲಿ ಮೆಟ್ಟಿ ಹೋದಳು. ಸಂಜೆಗೆ ಬರುತ್ತಾಳೆ ಎಂದುಕೊಂಡೆ. ಮರುದಿನವೂ ಬರಲಿಲ್ಲ. ಹೋಗಿ ಕರೆಯಲು ನನಗೆ ಬಿಂಕ. ಸಿನಿಮಾದಲ್ಲಿ ಕೈ ಇದ್ದವಳು ಓಣಿಯಲ್ಲಿ ಹೋಗಿ ಬಾಗಿಲು ಬಡಿಯುವುದೇ?

ಅದೇ ವಾರಕ್ಕೆ ಒಂದು ದೊಡ್ಡ ಆರ್ಡರು ಇತ್ತು. ವಳಕಮದಿನ್ನಿಯ ಭತ್ತದ ಗದ್ದೆಯವರು, ಮಗಳ ಮದುವೆಯನ್ನು ಸಿಂಧನೂರಿನ ಕಲ್ಯಾಣ ಮಂಟಪದಲ್ಲಿ ಇಟ್ಟುಕೊಂಡಿದ್ದರು. ಬೀಗರು ಬಾಗಲಕೋಟೆ ಕಡೆಯವರು, ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ ತಿನ್ನುವ ಮಂದಿ. ಮದುವೆಯ ಯಜಮಾನಿ ಫೋನು ಮಾಡಿ, "ನಮ್ಮ ಮಾನ ನಿಮ್ಮ ಕೈಯಾಗ ಐತ್ರಿ," ಎಂದಳು. ಆ ಕೈಯ ಬಗ್ಗೆ ಅವಳಿಗೂ ಹೇಳಿಬಿಟ್ಟಿದ್ದೆನಲ್ಲ. ರೊಟ್ಟಿ ಕೆಟ್ಟರೆ ಸಿಂಧನೂರಿನ ಕಡೆಯ ಮದುವೆಗಳು ಮತ್ತೆ ನಮ್ಮ ಒಲೆಗೆ ಬರುವುದಿಲ್ಲ. ನಮ್ಮಿಬ್ಬರ ಊಟ ಇರುವುದು ಅದರಲ್ಲೇ.

ಒಬ್ಬಳೇ ಕೂತೆ. ಬಡಿದರೆ ಹಂಚಿನ ಮೇಲಿನದು ಸೀಯುತ್ತದೆ. ಹಂಚು ನೋಡಿದರೆ ಕಲ್ಲಿನ ಮೇಲಿನದು ಒಣಗಿ ಬಿರಿಯುತ್ತದೆ. ಆಗ ನನಗೊಂದು ಬುದ್ಧಿ ಹೊಳೆಯಿತು. ಹಾಡು ಹಚ್ಚಿಕೊಂಡು ಅದರ ಜೊತೆಗೆ ಬಡಿದರೆ ಕೈ ಜೋರು ಓಡುತ್ತದೆ ಎಂದು. ಹಚ್ಚಿದೆ. ಹಾಡು ಮೊದಲು ನನ್ನ ಹದಕ್ಕೇ ಇತ್ತು. ನಡುವೆ ಎಲ್ಲರೂ ಕುಣಿಯುವ ಜಾಗ ಬಂತು, ಬಡಿತ ಎರಡು ಪಟ್ಟು ಓಡಿತು. ನಾನೂ ಓಡಿದೆ. ರೊಟ್ಟಿಯ ನಡುವೆ ತೂತು ಬಿತ್ತು. ಮುಂದಿನದಕ್ಕೂ ಅಷ್ಟೇ. ಸಂಜೆ ಮೊಮ್ಮಗಳು ಬಂದು ನೋಡಿದಾಗ ಬುಟ್ಟಿಯಲ್ಲಿದ್ದವೆಲ್ಲ ತೂತಿನ ರೊಟ್ಟಿ. ಒಂದನ್ನು ಎತ್ತಿ ಅದರೊಳಗಿಂದ ನನ್ನನ್ನು ನೋಡಿದಳು.

"ನಿನ್ನ ಕೈ ನಿನಗ ಹಿಡೀವಲ್ತಲ್ಲ ಅಜ್ಜೀ."

"ಬಾಯಿ ಮುಚ್ಚು."

"ಸಣ್ಣಜ್ಜಿನ್ನ ಕರಿ."

"ಮೊದಲು ನಂದಂತ ಸಾಬೀತ ಆಗ್ಲಿ. ಆಮ್ಯಾಗ ಕರೀತೀನಿ."

ಸಾಬೀತು ಮಾಡಲು ನಾನು ಆರಿಸಿಕೊಂಡ ಸಾಕ್ಷಿ ಲಿಂಗಸುಗೂರಿನ ತಮಿಳು ಅಕ್ಕ. ನನ್ನ ಗಂಡ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿಗೆ ಇಳಿಯುತ್ತಿದ್ದ ಕಾಲದಲ್ಲಿ ಕಂಪನಿ ಮನೆಯಲ್ಲಿ ಅವಳ ಅಡುಗೆಮನೆಗೂ ನನ್ನದಕ್ಕೂ ನಡುವೆ ಒಂದೇ ಗೋಡೆ. ಈಗ ಮಗಳ ಮನೆಯಲ್ಲಿದ್ದಾಳೆ. ಹಾಡಿನ ಮಾತಿನಲ್ಲಿ ಎಲ್ಲಾದರೂ ರೊಟ್ಟಿ ಎಂದು ಬರುತ್ತದೆಯೇ, ಕೇಳಿ ಹೇಳಲಿ ಎಂಬುದು ನನ್ನ ಲೆಕ್ಕ. ಬೆಳಿಗ್ಗೆ ಮೊಮ್ಮಗಳ ಜೊತೆಗೇ ಬಸ್ಸು ಹತ್ತಿದೆ. ಅವಳು ಕಚೇರಿಗೆ ಹೋದಳು, ನಾನು ಅಕ್ಕನ ಮನೆಗೆ ಹೋದೆ.

ಅಕ್ಕನಿಗೆ ಮೊಣಕಾಲು ಹೋಗಿದೆ, ಕಿವಿ ಹೋಗಿಲ್ಲ. ನನ್ನ ಫೋನನ್ನು ಕಿವಿಗೆ ಹಿಡಿದು ಹಾಡು ಕೇಳಿದಳು. ಮೊದಲ ಬಡಿತಕ್ಕೇ ನಗಲು ಶುರು ಮಾಡಿದಳು.

"ಯಾಕ ನಗ್ತೀ ಅಕ್ಕಾ? ರೊಟ್ಟಿ ಅಂತ ಐತೇನು ಮಾತಿನ್ಯಾಗ?"

"ರೊಟ್ಟಿ ಎಲ್ಲಿಂದ ಬರ್ತೈತಿ ತಂಗಚ್ಚೀ? ಹುಡುಗಿ ಕಣ್ಣು, ಹುಡುಗಿ ನಡು, ಅಷ್ಟ ಐತಿ." ಮಗಳ ಫೋನು ತರಿಸಿಕೊಂಡು ಅದರಲ್ಲಿ ಹುಡುಕಿ ಇನ್ನೊಂದು ಹಾಡು ಹಚ್ಚಿದಳು. "ಇದನ್ನ ಕೇಳು. ಹಳೇ ಪಾಟ್ಟು."

ಹಳೆಯ ಹಾಡು, ದನಿಯ ಮೇಲೆ ಧೂಳು ಕೂತ ಹಾಗೆ ಇತ್ತು. ಶುರುವಿಗೆ ಪೀಪಿ, ಆಮೇಲೆ ತಪ್ ತಪಾ, ತಪ್ ತಪಾ, ಗುಟುಕು ಬಿಟ್ಟು ತಪ್. ನನ್ನ ಬಲಗೈ ಅಕ್ಕನ ಮಂಚದ ಪಟ್ಟಿಯ ಮೇಲೆ ತಾನೇ ಎದ್ದು ಬಡಿಯತೊಡಗಿತು. ನಾನು ಹೇಳಿದ್ದಕ್ಕಲ್ಲ.

"ಹಟ್ಟಿಯಾಗ ದಿನಾ ಮುಂಜಾನೆ ಇದ ಕ್ಯಾಸೆಟ್ ಹಾಕತಿದ್ದೆ," ಎಂದಳು ಅಕ್ಕ. "ನೀ ಗೋಡೆ ಆ ಕಡೆ ರೊಟ್ಟಿ ಬಡೀತಿದ್ದಿ. ಕ್ಯಾಸೆಟ್ ಮುಗದ್ರ ಗೋಡೆ ಗುದ್ದತಿದ್ದಿ. ಹಚ್ಚಕ್ಕಾ, ಕೈ ಏಳವಲ್ದು ಅಂತ. ಮರ್ತಿಯೇನು?"

ಮರೆತಿದ್ದೆ. ಗೋಡೆ ಗುದ್ದಿದ್ದು ನೆನಪಾಯಿತು, ಯಾಕೆ ಗುದ್ದುತ್ತಿದ್ದೆ ಎಂಬುದು ಪೂರ್ತಿ ಮರೆತಿತ್ತು. ನಾನು ಅತ್ತೆಯ ಕೈಯಲ್ಲಿ ಕಲಿತದ್ದು ಮೂರು ಸಮ ಬಡಿತ, ತಪ್ ತಪ್ ತಪ್, ಒಂದು ತಿರುವು. ನೆಗೆಣ್ಣಿ ಇವತ್ತಿಗೂ ಬಡಿಯುವುದು ಅದನ್ನೇ, ನಾನು ಕುಳ್ಳು ಬಡಿದ ಹಾಗೆ ಎಂದದ್ದು ಅದಕ್ಕೇ. ಹಟ್ಟಿಗೆ ಹೋಗಿ ನನ್ನ ಕೈ ಗೋಡೆಯಾಚೆಯ ಹಾಡಿಗೆ ಸೇರಿಕೊಂಡಿತ್ತು. ಊರಿಗೆ ವಾಪಸು ಬಂದಾಗ ಗಂಟುಮೂಟೆಯ ಜೊತೆ ಅದೂ ಬಂತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೊರದೇಶದ್ದು ಎತ್ತುವವರ ಸಾಲಿನಲ್ಲಿ ಮಸ್ಕಿಯ ಮುದುಕಿಯನ್ನೂ ನಿಲ್ಲಿಸಬಹುದು.

ಆದರೂ ನನ್ನ ಮೂಗು ಕೆಳಗಿಳಿಯಲಿಲ್ಲ. ಒಬ್ಬಳೇ ಮುಳುಗಬಾರದು ಎಂದು ಕೇಳಿದೆ. "ಹಂಗಾದ್ರ ಈ ಹೊಸಾ ಹಾಡಿನಾವ ಹಳೇದರದ್ದು ಕದ್ದಾನಲ್ಲ?"

"ಕೇಳಿ ತಗೊಂಡಾನೋ, ಕೇಳದ ತಗೊಂಡಾನೋ, ನನಗೇನು ಗೊತ್ತು? ಮಗಳು ಅಳಿಯ ಊಟಕ್ಕ ಕುಂತಾಗ ಅದ ಜಗಳ. ಆಕಿ ನಕಲು ಅಂತಾಳ, ಅವನು ಹಿರೇರಿಗೆ ಮರ್ಯಾದಿ ಮಾಡ್ಯಾನ ಅಂತಾನ. ಸಾರು ಆರತೈತಿ."

"ಹಳೇ ಹಾಡಿನಾವ? ಅವನು ಎಲ್ಲಿಂದ ತಂದ?"

"ನಮ್ಮ ಕಡೆ ಊರಾಗ ಹಲಗಿ ಬಾರಿಸ್ತಾರಲ್ಲ, ಅದ್ರಿಂದ. ನಮ್ಮಪ್ಪನ ಊರಾಗ ಸಾವಿಗೂ ಅದ, ಹಬ್ಬಕ್ಕೂ ಅದ."

"ನೋಡು ಮತ್ತ! ಅವನೂ ಕಳ್ಳನ."

ಅಕ್ಕ ಫೋನು ಕೆಳಗಿಟ್ಟಳು. ನಗು ನಿಂತಿತು. "ಅವನಿಗೆ ಕಳ್ಳ ಅಂದ್ರ ಚಾ ಕುಡಿಸದ ಕಳಿಸ್ತೀನಿ ನಿನ್ನ. ಅವನು ಹಲಗಿ ತಗೊಂಡ, ಖರೆ. ಅದ್ರ ಮ್ಯಾಲ ಯಾರೂ ಹಾಕದ ರಾಗ ಹಾಕಿದ. ಅದನ್ನ ಕೇಳಿದ್ರ ನಮ್ಮೂರೂ ಕಾಣತೈತಿ, ನಮ್ಮೂರಿನ್ಯಾಗ ಇಲ್ಲದ್ದೂ ಕಾಣತೈತಿ. ನೀ ಏನ್ ಹಾಕಿದಿ ಅದ್ರ ಮ್ಯಾಲ?"

"ರೊಟ್ಟಿ," ಎಂದೆ.

"ಚಲೋ ರೊಟ್ಟಿನ ಹಾಕೀದಿ," ಎಂದು ಮತ್ತೆ ನಕ್ಕು ಚಹಾಕ್ಕೆ ಕೂಗಿದಳು.

ಸಂಜೆ ಮೊಮ್ಮಗಳ ಜೊತೆ ಸಿಂಧನೂರು ಬಸ್ಸಿಗೆ ಹತ್ತಿ ಮಸ್ಕಿಗೆ ಹೊರಟೆ. ಎಲ್ಲ ಹೇಳಿದೆ. ಅವಳು ಕೇಳಿದವಳೇ, ಇನ್ನು ಹೆದರಿಕೆ ಏನು ಎಂದು ಆ ಸಪ್ಪಳದವನಿಗೆ ಫೋನು ಹಚ್ಚಿದಳು. ಬಸ್ಸಿನ ಗದ್ದಲದಲ್ಲಿ ನನಗೆ ಕೇಳಲಿ ಎಂದು ಸ್ಪೀಕರ್ ಹಾಕಿದಳು. ಅದು ಅವಳ ತಪ್ಪು.

"ಅಜ್ಜಿ, ಹೇಗಿದ್ದೀರಾ?" ಎಂದ ಅವನು. ತಮಿಳು ಹಾಡಿಗೂ ಅವನಿಗೂ ಸಂಬಂಧವೇ ಇಲ್ಲವಂತೆ. "ತಪ್ಪು ತಿಳ್ಕೋಬೇಡಿ. ನಿಮ್ಮದು ನನಗೆ ಉಪಯೋಗಕ್ಕೇ ಬರಲಿಲ್ಲ. ಪೂರ್ತಿ ನೀವೇ ಮಾತಾಡಿದ್ದೀರ. ಎಷ್ಟು ಸನ್ನೆ ಮಾಡಿದ್ರೂ ನಿಲ್ಲಿಸಲಿಲ್ಲ. ನನ್ನ ಮದುವೆ ವಿಚಾರ ಸುಮಾರು ಹೊತ್ತು ಇದೆ."

ಹಿಂದಿನ ಸೀಟಿನವರು ನಕ್ಕರು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಬಿಟ್ಟು ನಿಂತ.

"ಆದ್ರೆ ನೀವು ಲವಂಗ ತರೋಕೆ ಒಳಗೆ ಹೋದ್ರಲ್ಲ," ಅವನು ಮುಂದುವರಿಸಿದ, "ಆಗ ಇನ್ನೊಬ್ಬ ಅಜ್ಜಿ ಒಬ್ಬರೇ ಬಡೀತಿದ್ರು. ಅದು ಅದ್ಭುತವಾಗಿ ಬಂದಿದೆ. ಗಡಿಯಾರದ ಹಾಗೆ. ಒಂದು ಕನ್ನಡ ಸಿನಿಮಾದಲ್ಲಿ ಅಡುಗೆಮನೆ ದೃಶ್ಯಕ್ಕೆ ಹಾಕಿದ್ದೀವಿ. ಅವರಿಗೆ ಹೇಳಿ."

ಫೋನು ಇಟ್ಟಮೇಲೆ ಬಸ್ಸಿನಲ್ಲಿ ನನಗೆ ಗುರುತಿದ್ದವರು ಎಷ್ಟು ಜನ ಎಂದು ಮೆಲ್ಲಗೆ ತಿರುಗಿ ನೋಡಿದೆ. ಬೇಕಾದಷ್ಟು ಇದ್ದರು. ಕಿಟಕಿಯ ಕಡೆ ಮುಖ ಮಾಡಿಕೊಂಡೆ.

"ಸಣ್ಣಜ್ಜಿಗೆ ಹೇಳ್ತೀಯಲ್ಲ?" ಎಂದಳು ಮೊಮ್ಮಗಳು.

"ಮದುವಿ ಆರ್ಡರ್ ಮುಗೀಲಿ. ಆಮ್ಯಾಗ ನಿಧಾನಕ್ಕ..."

"ಅಜ್ಜೀ."

"ಏನು?"

"ಆರ್ಡರ್ ಮುಗಸಾಕ ಯಾರು ಬೇಕು?"

ಕಚೇರಿಯಲ್ಲಿ ಕೂತು ಕೂತು ಹುಡುಗಿಗೆ ಇಂಥ ಸವಾಲು ಕೇಳುವುದು ಬಂದಿದೆ. ಆ ರಾತ್ರಿ ಊಟಕ್ಕೆ ತೂತಿನ ರೊಟ್ಟಿಯನ್ನೇ ತಿಂದೆವು. ಪಲ್ಯ ತೂತಿನಿಂದ ಜಾರಿ ತಟ್ಟೆಗೆ ಬೀಳುತ್ತಿತ್ತು.

ಮರುದಿನ ಬೆಳಿಗ್ಗೆ ಒಲೆ ಹೊತ್ತಿಸಲಿಲ್ಲ. ಹಿಟ್ಟಿನ ಡಬ್ಬಿಯನ್ನು ಸೊಂಟದ ಮೇಲಿಟ್ಟುಕೊಂಡು ನೆಗೆಣ್ಣಿಯ ಮನೆಗೆ ಹೋದೆ. ಅವಳು ಅಂಗಳಕ್ಕೆ ನೀರು ಹೊಡೆಯುತ್ತಿದ್ದಳು. ನನ್ನನ್ನು ನೋಡಿಯೂ ನೀರು ಹೊಡೆಯುವುದನ್ನು ನಿಲ್ಲಿಸಲಿಲ್ಲ, ನನ್ನ ಕಾಲಿಗೂ ಒಂದಿಷ್ಟು ಬಿತ್ತು.

"ಹಾಡಿನ್ಯಾಗ ನಾನೂ ಇಲ್ಲ," ಎಂದೆ.

"ಬಸ್ಸಿನ್ಯಾಗ ಕೇಳಿದೋರು ಬಂದು ಹೇಳ್ಯಾರ."

"ಎಲ್ಲಾ ಹೇಳ್ಯಾರೇನು? ಸಿನಿಮಾದಾಗ ನೀ ಇರೋದೂ?"

ಅವಳ ಕೈಯಲ್ಲಿದ್ದ ತಂಬಿಗೆ ಅಲ್ಲೇ ನಿಂತಿತು. ಅದನ್ನು ಮಾತ್ರ ಯಾರೂ ಹೇಳಿರಲಿಲ್ಲ. ನನ್ನನ್ನು ನೋಡಿ ನಗುವುದರಲ್ಲಿ ಅವರಿಗೆ ಮಿಕ್ಕದ್ದು ಮರೆತಿರಬೇಕು. ನಾನು ಹೇಳಿದೆ. ಗಡಿಯಾರದ ಹಾಗೆ ಎಂದದ್ದನ್ನೂ ಹೇಳಿದೆ.

"ಅದು ಅತ್ತೀ ಬಡತ," ಎಂದಳು ಅವಳು. "ನಂದಲ್ಲ."

"ಗೊತ್ತೈತಿ."

"ನೀ ಕುಳ್ಳು ಬಡದಂಗ ಅಂದಿ."

"ಅಂದೆ."

ಅವಳು ತಂಬಿಗೆಯಲ್ಲಿ ಉಳಿದ ನೀರನ್ನೂ ಅಂಗಳಕ್ಕೆ ಚೆಲ್ಲಿದಳು. ಡಬ್ಬಿಯ ಮುಚ್ಚಳ ತೆಗೆದು ಹಿಟ್ಟನ್ನು ಬೆರಳಿಗೆ ತಿಕ್ಕಿ ನೋಡಿದಳು.

"ತವಡು ಐತಿ ಇದ್ರಾಗ. ಬೀಗರು ಬಾಗಲಕೋಟಿಯೋರು. ನಮ್ಮ ಮನ್ಯಾಗ ಮಾಡೋಣು ಇವತ್ತ. ನಾ ಬಡೀತೀನಿ, ನೀ ಹಂಚಿನ ಮುಂದ ಕುಂದ್ರು. ಅದಕ್ಕೂ ಮೊದಲ ಇದನ್ನ ಜರಡಿ ಹಿಡಿ."

ಜರಡಿ ಎಲ್ಲಿದೆ ಎಂದು ಕೇಳಿದೆ. ಗೂಟಕ್ಕೆ ತೂಗುಹಾಕಿದೆ ಎಂದಳು. ಇಳಿಸಿಕೊಂಡು ಬಂದು, ಕಟ್ಟೆಯ ಮೇಲೆ ಮೊರ ಇಟ್ಟು, ಹಿಟ್ಟು ಜರಡಿ ಹಿಡಿಯಲು ಕೂತೆ.